ಕತ್ತು ನೋವಿಗೆ ಯಾರ ಕೈ ಬೇಕು?

ಕತ್ತು ಹಿಡಿದುಕೊಂಡಿದೆ ಎಂದು ಬರುವವರಲ್ಲಿ ತುಂಬಾ ಜನ ಹೇಳುವುದು ಒಂದೇ ಮಾತು: "ಒಂದ್ಸಲ ನೆಟಿಗೆ ತೆಗೆದುಬಿಡಿ, ಸಾಕು." ಫಿಸಿಯೋಥೆರಪಿಸ್ಟ್ ಆಗಿ ನಾನು ಅವರಿಗೆ ಅಮೆರಿಕದ ಮಿನೆಸೋಟದಲ್ಲಿ ನಡೆದ ಒಂದು ಅಧ್ಯಯನದ ಬಗ್ಗೆ ಹೇಳುತ್ತೇನೆ.

ಅದು 2012ರಲ್ಲಿ ಪ್ರಕಟವಾಯಿತು. ಕತ್ತು ನೋವು ಶುರುವಾಗಿ 2ರಿಂದ 12 ವಾರ ಆಗಿದ್ದ 272 ಜನರನ್ನು ಮೂರು ಗುಂಪು ಮಾಡಿದರು. ಯಾರು ಯಾವ ಗುಂಪಿಗೆ ಎಂಬುದನ್ನು ಲಾಟರಿಯ ಹಾಗೆ ಆರಿಸಿದರು. ಒಂದು ಗುಂಪಿಗೆ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಸಡಿಲಿಸುವ ಚಿಕಿತ್ಸೆ. ಇನ್ನೊಂದಕ್ಕೆ ಮಾತ್ರೆ. ಮೂರನೆಯ ಗುಂಪಿಗೆ ಒಂದೊಂದು ಗಂಟೆಯ ಎರಡು ಪಾಠ ಮಾತ್ರ. ಮಿಕ್ಕಿದ್ದೆಲ್ಲ ಮನೆಯಲ್ಲಿ. ಕತ್ತನ್ನು ನಿಧಾನವಾಗಿ ಹಿಂದೆ, ಮುಂದೆ, ಪಕ್ಕಕ್ಕೆ ಆಡಿಸುವುದು, ಭುಜದ ಹಲಗೆಗಳನ್ನು ಹಿಂದಕ್ಕೆ ಎಳೆಯುವುದು. ಭಾರ ಎತ್ತುವುದೇನೂ ಇಲ್ಲ. ಆದರೆ ದಿನಕ್ಕೆ 6ರಿಂದ 8 ಸಲ ಮಾಡಬೇಕಿತ್ತು. ಅದರ ಗುಟ್ಟು ಇರುವುದು ಇಲ್ಲೇ ಅನ್ನಿಸುತ್ತದೆ ನನಗೆ. ಬೆಳಗ್ಗೆ ಒಂದೇ ಸಲ ಜೋರಾಗಿ ಮಾಡಿ ಮುಗಿಸುವವರೇ ನಮ್ಮಲ್ಲಿ ಜಾಸ್ತಿ.

12 ವಾರದ ಹೊತ್ತಿಗೆ ಕೈ ಚಿಕಿತ್ಸೆ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಆದರೆ ಕೈ ಚಿಕಿತ್ಸೆ ಪಡೆದವರಿಗೂ ಮನೆಯಲ್ಲಿ ವ್ಯಾಯಾಮ ಮಾಡಿದವರಿಗೂ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷ ಆದಮೇಲೂ ಅಷ್ಟೇ.

ಇಂಥ ಅಧ್ಯಯನವನ್ನು ಎಚ್ಚರದಿಂದ ಓದಬೇಕು. ಮಾತ್ರೆಯ ಬದಲು ಔಷಧವಿಲ್ಲದ ಮಾತ್ರೆ ಕೊಟ್ಟು ಹೋಲಿಸಬಹುದು. ಕತ್ತಿನ ಮೇಲೆ ಬಿದ್ದ ಕೈಯನ್ನು ರೋಗಿಯಿಂದ ಮುಚ್ಚಿಡುವುದು ಹೇಗೆ? ಜೊತೆಗೆ, ಚಿಕಿತ್ಸೆಯೇ ಇಲ್ಲದ ಗುಂಪು ಅಲ್ಲಿರಲಿಲ್ಲ. ಇಷ್ಟು ಹೊಸ ನೋವು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ ಅಲ್ವಾ? ಅದರ ಪಾಲು ಎಷ್ಟು ಎಂದು ಈ ಲೆಕ್ಕದಿಂದ ತಿಳಿಯುವುದಿಲ್ಲ.

ಸೊಂಟ ನೋವಿನ ಕಥೆಯೂ ಹೆಚ್ಚುಕಡಿಮೆ ಇದೇ. ಬ್ರಿಟನ್ನಿನಲ್ಲಿ 1334 ಜನರ ಮೇಲೆ ನಡೆದ ಅಧ್ಯಯನ 2004ರಲ್ಲಿ ಬಂತು. ಕೈ ಚಿಕಿತ್ಸೆಯಿಂದ ಲಾಭ ಇತ್ತು, ಆದರೆ ವರ್ಷದ ಕೊನೆಗೆ ಅದು ಚಿಕ್ಕದು.

ಹಾಗಂತ ನಾನು ಕೈ ಚಿಕಿತ್ಸೆ ಬಿಟ್ಟಿಲ್ಲ. ನೋವಿಗೆ ಹೆದರಿ ಕತ್ತು ತಿರುಗಿಸದೇ ಇರುವವರಿಗೆ ಮೊದಲು ಕೈಯಿಂದ ಸ್ವಲ್ಪ ಸಡಿಲ ಮಾಡಿ, ಆಗಲೇ ವ್ಯಾಯಾಮ ಕಲಿಸುತ್ತೇನೆ. ಕಟಿಂಗ್ ಶಾಪಿನಲ್ಲಿ ಕತ್ತನ್ನು ಸುಮ್ನೆ ಲಟಕ್ಕನೆ ತಿರುಗಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಅಪರೂಪಕ್ಕಾದರೂ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆಗಬಹುದು.

ಕೈಕಾಲಿನ ಶಕ್ತಿ ಕುಂದಿದ್ದರೆ, ಮೂತ್ರ ಕಟ್ಟಿದ್ದರೆ, ತೊಡೆಯ ಸಂದು ಮರಗಟ್ಟಿದ್ದರೆ, ಜ್ವರ ಇದ್ದರೆ, ಬಿದ್ದಮೇಲೆ ನೋವು ಶುರುವಾಗಿದ್ದರೆ ಮಸಾಜೂ ಬೇಡ, ವ್ಯಾಯಾಮವೂ ಬೇಡ. ಅವತ್ತೇ ಡಾಕ್ಟರ ಹತ್ತಿರ ಹೋಗಿ.