ತೌಬಾ ಅಧ್ಯಾಯದ 5ನೇ ಸೂಕ್ತ: 'ನಿಷಿದ್ಧ ತಿಂಗಳು'ಗಳ ಲೆಕ್ಕ

ಕುರ್‌ಆನಿನ 9:5ನ್ನು (9ನೇ ಅಧ್ಯಾಯವಾದ ತೌಬಾದ 5ನೇ ಸೂಕ್ತ) ಒಂಟಿಯಾಗಿ ಓದಬಾರದು. 'ನಿಷಿದ್ಧ ತಿಂಗಳುಗಳು ಕಳೆದ ಮೇಲೆ ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿರಿ' ಎಂಬ ಅದರ ಮಾತನ್ನು ಎಲ್ಲ ಕಾಲದ ಎಲ್ಲರಿಗೂ ಹೇಳಿದ್ದೆಂದು ಓದುವುದುಂಟು. 1ರಿಂದ 15ರವರೆಗೆ ಒಂದೇ ಸಲಕ್ಕೆ ಓದಿ. 'ಅವರು' ಎಂದು ಬಂದಲ್ಲೆಲ್ಲ ಯಾರು ಅಂತ ಅಂಚಿನಲ್ಲಿ ಬರೆದುಕೊಳ್ಳಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಹಿನ್ನೆಲೆ ಚುಟುಕಾಗಿ: 628ರ ಹುದೈಬಿಯಾ ಒಪ್ಪಂದ ಮುಸ್ಲಿಮರಿಗೂ ಮಕ್ಕಾದ ಕುರೈಶ್ ಕುಲದವರಿಗೂ ನಡುವಿನ 10 ವರ್ಷದ ಕದನವಿರಾಮ. ಕುರೈಶರ ಮಿತ್ರರಾದ ಬನೂ ಬಕ್ರ್ ಕುಲದವರು ಮುಸ್ಲಿಮರ ಮಿತ್ರರಾದ ಖುಝಾಆದವರ ಮೇಲೆ ಬಿದ್ದದ್ದರಿಂದ ಅದು ಮುರಿಯಿತು. 630ರಲ್ಲಿ ಮಕ್ಕಾ ವಶವಾಯಿತು. ಹಿಜರಿ 9ರ (ಕ್ರಿ.ಶ. 631) ಹಜ್ಜ್ ಅಬೂಬಕರ್ ನೇತೃತ್ವದಲ್ಲಿ ನಡೆದಾಗ, ಈ ಅಧ್ಯಾಯದ ಆರಂಭದ ಸೂಕ್ತಗಳನ್ನು ಅಲಿ ಅಲ್ಲಿ ಓದಿ ಸಾರಿದರು. ಅಂದರೆ ಧಾಟಿ ಒಪ್ಪಂದ ಮುಗಿಸುವ ಬಹಿರಂಗ ನೋಟಿಸಿನದು.

ಈಗ ಕಗ್ಗಂಟು. 2ನೇ ಸೂಕ್ತ ನಾಲ್ಕು ತಿಂಗಳ ಗಡುವು ಕೊಡುತ್ತದೆ. 5ನೆಯದು 'ಅಲ್-ಅಶ್‌ಹುರುಲ್ ಹುರುಮ್' (ಕಾದಾಟ ನಿಷಿದ್ಧವಾದ ತಿಂಗಳುಗಳು) ಕಳೆದ ಮೇಲೆ ಎನ್ನುತ್ತದೆ. ನಿಘಂಟು ಹಿಡಿದರೆ ನಿಷಿದ್ಧ ತಿಂಗಳು ನಾಲ್ಕು: ದುಲ್‌ಕಅದ, ದುಲ್‌ಹಜ್ಜ್, ಮುಹರ್ರಮ್, ರಜಬ್. ನಾಲ್ಕಕ್ಕೆ ನಾಲ್ಕು ಸರಿಹೋಯಿತು ಎಂದು ಮುಂದೆ ಹೋದರೆ ತಪ್ಪುತ್ತೀರಿ. ಸಾರಿದ್ದು ದುಲ್‌ಹಜ್ಜ್ 10ರಂದು ಎಂದು ಹಿಡಿದು ಎಣಿಸಿ. ಆ ತಿಂಗಳಲ್ಲಿ ಉಳಿದ 20 ದಿನ, ಮುಹರ್ರಮ್‌ನ 30, ಒಟ್ಟು ಸುಮಾರು 50 ದಿನ. ರಜಬ್ ಬರಲು ನಡುವೆ ಇನ್ನೂ ಐದು ತಿಂಗಳಿವೆ. ನಾಲ್ಕು ತಿಂಗಳ ಗಡುವಾದರೋ ರಬೀಉಲ್ ಆಖಿರ್ 10ಕ್ಕೆ ಮುಗಿಯುತ್ತದೆ. ಎರಡು ಲೆಕ್ಕ ಒಂದೇ ಅಲ್ಲ.

ಇದನ್ನು ಬಿಡಿಸಲು ಎರಡು ದಾರಿ. ಒಂದು, ಪ್ರವಾದಿಯ ಸಂಗಾತಿ ಇಬ್ನ್ ಅಬ್ಬಾಸರ ಹೆಸರಿನಲ್ಲಿ ಬಂದಿರುವುದು: ಒಪ್ಪಂದವಿದ್ದವರಿಗೆ ನಾಲ್ಕು ತಿಂಗಳು, ಇಲ್ಲದವರಿಗೆ 50 ದಿನ. ಇನ್ನೊಂದು, ವ್ಯಾಖ್ಯಾನಕಾರ ಇಬ್ನ್ ಕಸೀರ್ ಒಪ್ಪಿದ್ದು: 5ನೇ ಸೂಕ್ತದ ತಿಂಗಳುಗಳೆಂದರೆ 2ನೆಯದರ ಗಡುವೇ, ಆ ಅವಧಿಯಲ್ಲಿ ಕಾದಾಟ ನಿಷಿದ್ಧವಾದ್ದರಿಂದ ಆ ಹೆಸರು. ಸೂಕ್ತಗಳ ಓಟಕ್ಕೆ ಎರಡನೆಯದೇ ಹೊಂದುತ್ತದೆ. 'ಅಲ್' ಎಂಬ ಅರಬ್ಬಿ ಪೂರ್ವಪದ ಮೊದಲೇ ಹೇಳಿದ್ದನ್ನು ತೋರಿಸಬಲ್ಲದು, ನಮ್ಮ 'ಆ' ಇದ್ದಂತೆ: 'ಆ ತಿಂಗಳುಗಳು'.

'ಅಲ್-ಮುಶ್ರಿಕೀನ್' ಪದಕ್ಕೂ ಇದೇ ಪ್ರಶ್ನೆ. ಕನ್ನಡದಲ್ಲಿ 'ಬಹುದೇವಾರಾಧಕರನ್ನು' ಎಂದಷ್ಟೇ ಬರೆದರೆ 'ಆ' ಬಿದ್ದುಹೋಗಿ ಜಗತ್ತಿನವರೆಲ್ಲ ಒಳಗೆ ಬರುತ್ತಾರೆ. ಹಾಗಂತ 'ಅಲ್' ಒಂದನ್ನೇ ನೆಚ್ಚಬೇಡಿ, ಅದು ಇಡೀ ವರ್ಗವನ್ನೂ ಸೂಚಿಸಬಲ್ಲದು. ತೀರ್ಮಾನಕ್ಕೆ ಅಕ್ಕಪಕ್ಕದ ಸೂಕ್ತಗಳೇ ಬೇಕು: ಮಾತಿಗೆ ತಪ್ಪದವರ ಒಪ್ಪಂದವನ್ನು ಅವಧಿ ಮುಗಿಯುವವರೆಗೆ ಪಾಲಿಸಿ (4), ಆಶ್ರಯ ಕೇಳಿದವನಿಗೆ ಆಶ್ರಯ ಕೊಟ್ಟು ಸುರಕ್ಷಿತ ಜಾಗಕ್ಕೆ ತಲುಪಿಸಿ (6), ಆಣೆ ಮುರಿದವರು, ಮೊದಲು ಕೈ ಎತ್ತಿದವರು ಅವರೇ (13). 29ನೇ ಸೂಕ್ತವನ್ನು ಇಲ್ಲಿ ಬೆರೆಸಬೇಡಿ. ಅದು ಗ್ರಂಥದವರ (ಯಹೂದಿ, ಕ್ರೈಸ್ತರ) ಕುರಿತದ್ದು, ಅದರ ಹಿನ್ನೆಲೆಯಾಗಿ ಹೇಳುವುದು ತಬೂಕ್ ದಂಡಯಾತ್ರೆ.

ಕೊನೆಗೆ ನಸ್ಖ್, ಅಂದರೆ ರದ್ದತಿ. ಶಾಂತಿಯ ಸೂಕ್ತಗಳನ್ನೆಲ್ಲ 9:5 ರದ್ದುಮಾಡಿತು ಎಂದವರು ಹಿಂದೆ ಇದ್ದರು. ರದ್ದಾದವುಗಳ ಪಟ್ಟಿಯನ್ನು ವಿದ್ವಾಂಸರಾದ ಸುಯೂತಿ ಸುಮಾರು 20ಕ್ಕೆ, ಶಾಹ್ ವಲಿಯುಲ್ಲಾಹ್ 5ಕ್ಕೆ ಇಳಿಸಿದರು. ಆ ಐದರಲ್ಲಿ ಯುದ್ಧದ್ದು 8:65 ಮಾತ್ರ, ಇಪ್ಪತ್ತು ಮಂದಿ ಇನ್ನೂರು ಮಂದಿಯನ್ನು ಎದುರಿಸುವ ಪ್ರಮಾಣ. ಅದನ್ನು ಸಡಿಲಿಸಿದ್ದು 8:66. ಅಂದರೆ 9:5 ರದ್ದುಮಾಡಿದ ಶಾಂತಿಯ ಸೂಕ್ತ ಆ ಐದರಲ್ಲಿ ಒಂದೂ ಇಲ್ಲ.