ಎರಡೂ ಕಡೆ ನಾನೇ ಇದ್ದರೆ ಗೆಲ್ಲುವುದು ಯಾರು?

ಪ್ರಶ್ನೆ: ಫ್ಯಾಂಟಸಿ ಮಿನಿಯೇಚರ್ ಆಟ, ಅಂದರೆ ಪುಟ್ಟ ಗೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಕಾಲ್ಪನಿಕ ಲೋಕದ ಕಾಳಗ ಆಡುವ ಆಟ, ಆಡಬೇಕೆಂದು ತುಂಬ ದಿನದಿಂದ ಆಸೆ. ನಮ್ಮೂರಲ್ಲಿ ಜೊತೆಗೆ ಆಡುವವರು ಯಾರೂ ಇಲ್ಲ. ಒಬ್ಬರೇ ಕ್ಯಾಂಪೇನ್, ಅಂದರೆ ಒಂದೇ ಕಥೆ ಮುಂದುವರಿಯುವ ಆಟಗಳ ಸರಣಿ, ಆಡಬಹುದು ಅನ್ನುತ್ತಾರೆ. ಆದರೆ ಎರಡೂ ಕಡೆ ನಾನೇ ಇದ್ದರೆ ಶತ್ರು ಏನು ಮಾಡುತ್ತಾನೆಂದು ಮೊದಲೇ ಗೊತ್ತಿರುತ್ತದೆ ಅಲ್ವಾ? ನನಗೆ ಇಷ್ಟವಾದವರನ್ನೇ ನಾನು ಗೆಲ್ಲಿಸಿಬಿಡುವುದಿಲ್ಲವೇ?

ಉತ್ತರ: ಒಬ್ಬರೇ ಆಡುವ ಕ್ಯಾಂಪೇನಿನಲ್ಲಿ ನೀವು ಎರಡೂ ಕಡೆ ಆಡುವುದಿಲ್ಲ. ಒಂದೇ ಕಡೆ ಆಡುತ್ತೀರಿ. ಇನ್ನೊಂದು ಕಡೆಯನ್ನು ನಿಯಮ, ದಾಳ ಮತ್ತು ಇಸ್ಪೀಟು ಎಲೆ ನೋಡಿಕೊಳ್ಳುತ್ತವೆ. ಚೆಸ್ ಬೋರ್ಡನ್ನು ತಿರುಗಿಸಿ ತಿರುಗಿಸಿ ಆಡುವ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಮೊದಲು ಬಿಟ್ಟುಬಿಡಿ. ಹಾಗೆ ಆಡಿದರೆ ನಿಮ್ಮ ಅನುಮಾನ ನಿಜವೇ ಆಗುತ್ತದೆ.

ಒಂದು ಆಟವನ್ನೇ ಹಿಡಿದು ಹೇಳುತ್ತೇನೆ. ಜೋಸೆಫ್ ಮೆಕಲಾ ಬರೆದ ‘ರೇಂಜರ್ಸ್ ಆಫ್ ಶಾಡೋ ಡೀಪ್’ 2018ರಲ್ಲಿ ಬಂತು. ಒಬ್ಬರೇ ಆಡಲು, ಇಲ್ಲವೇ ಇಬ್ಬರು ಮೂವರು ಒಂದೇ ಕಡೆ ನಿಂತು ಆಡಲು ಮಾಡಿದ್ದು. ನೀವು ಒಬ್ಬ ರೇಂಜರ್, ಅಂದರೆ ರಾಜ್ಯ ಕಾಯುವ ಯೋಧ. ಜೊತೆಗೆ ಕೆಲವರು ಸಂಗಡಿಗರು. ರಾಜ್ಯದ ಗಡಿಯನ್ನು ಒಂದು ಕತ್ತಲ ಲೋಕ ನುಂಗುತ್ತಾ ಬರುತ್ತಿದೆ. ಕಥೆಯ ಒಂದೊಂದು ಆಟವನ್ನು ಪ್ರಸಂಗ ಅನ್ನುತ್ತೇನೆ. ಮೊದಲ ಪ್ರಸಂಗ ಜನ ಕಾಣೆಯಾದ ಒಂದು ಪಾಳು ಹಳ್ಳಿಯಲ್ಲಿ ನಡೆಯುತ್ತದೆ.

ಪ್ರತಿ ಸುತ್ತಿನಲ್ಲಿ ನಾಲ್ಕು ಹಂತ. ಮೊದಲು ರೇಂಜರ್, ಆಮೇಲೆ ಜೀವಿಗಳು ಅಂದರೆ ಶತ್ರುಗಳು, ಆಮೇಲೆ ಸಂಗಡಿಗರು, ಕೊನೆಗೆ ಘಟನೆಯ ಎಲೆ, ಅಂದರೆ ಹೊಸದಾಗಿ ಏನಾಗುತ್ತದೆಂದು ಹೇಳುವ ಇಸ್ಪೀಟು ಎಲೆ. ಜೀವಿಗಳ ಹಂತದಲ್ಲಿ ನಿಮ್ಮ ಇಷ್ಟಕ್ಕೆ ಜಾಗ ತೀರಾ ಕಡಿಮೆ. ಆ ಜೀವಿಗೆ ನಿಮ್ಮ ಕಡೆಯವರು ಯಾರಾದರೂ ಕಾಣುತ್ತಾರಾ? ಕಂಡರೆ, ಕೈಯಲ್ಲಿ ಬಿಲ್ಲಿದ್ದರೆ ಬಾಣ ಬಿಡುತ್ತದೆ. ಬಿಲ್ಲಿಲ್ಲದಿದ್ದರೆ ಹತ್ತಿರದವರ ಕಡೆಗೆ ನುಗ್ಗುತ್ತದೆ. ಯಾರೂ ಕಾಣದಿದ್ದರೆ ದಿಕ್ಕು ತಪ್ಪಿ ಅಲೆಯುತ್ತದೆ, ಇಲ್ಲವೇ ಪ್ರಸಂಗ ಗುರುತಿಸಿದ ಜಾಗದ ಕಡೆಗೆ ಹೋಗುತ್ತದೆ. ಓದುವಾಗ ಪೆದ್ದು ಶತ್ರು ಅನ್ನಿಸಬಹುದು. ಆದರೆ ಘಟನೆಯ ಎಲೆಗಳು ಅವುಗಳನ್ನು ನೀವು ಎಣಿಸದ ಮೂಲೆಯಿಂದ ಒಳಗೆ ಬಿಡುತ್ತವೆ. ಬಾಗಿಲ ಕಡೆ ಕಾವಲಿಟ್ಟು ನಿಂತಿದ್ದಾಗ ಬೆನ್ನ ಹಿಂದೆ ಎರಡು ಜೋಂಬಿ ಬಂದರೆ ಅವುಗಳಿಗೆ ಬುದ್ಧಿ ಇಲ್ಲದಿರುವುದು ನೆನಪಿಗೇ ಬರುವುದಿಲ್ಲ.

ಇನ್ನು ಹೊಡೆದಾಟ. ಇಬ್ಬರಿಗೂ ಒಂದೊಂದು 20 ಮುಖದ ದಾಳ ಹಾಕಬೇಕು, ಅವರವರ ಹೋರಾಟದ ಅಂಕ ಕೂಡಿಸಬೇಕು. ಜಾಸ್ತಿ ಬಂದವರು ಗೆದ್ದರು. ಗೆದ್ದವರ ಒಟ್ಟು ಅಂಕದಲ್ಲಿ ಸೋತವರ ಕವಚದ ಅಂಕ ಕಳೆದು ಉಳಿದಷ್ಟು ಏಟು. ಇಲ್ಲಿ ಒಂದು ಲೆಕ್ಕ ನೋಡಿ. ನಿಮ್ಮವನಿಗೆ ಎದುರಿನವನಿಗಿಂತ 2 ಅಂಕ ಜಾಸ್ತಿ ಇದೆ ಅಂದುಕೊಳ್ಳಿ. ಎರಡು ದಾಳ ಬೀಳುವ ಬಗೆ ಒಟ್ಟು 400. ಅದರಲ್ಲಿ 229ರಲ್ಲಿ ನಿಮ್ಮವನು ಗೆಲ್ಲುತ್ತಾನೆ, 18ರಲ್ಲಿ ಸಮ, 153ರಲ್ಲಿ ಸೋಲುತ್ತಾನೆ. ಅಂದರೆ ಮೇಲುಗೈ ಇರುವವನೂ ಐದಕ್ಕೆ ಎರಡು ಸಲ ಹತ್ತಿರ ಹತ್ತಿರ ಸೋಲುತ್ತಾನೆ. ಎಷ್ಟೇ ಆಸೆ ಇದ್ದರೂ ಇಷ್ಟವಾದವರನ್ನು ಗೆಲ್ಲಿಸುವುದು ನಿಮ್ಮ ಕೈಯಲ್ಲಿ ಇಲ್ಲ.

ಹಾಗಿದ್ದರೂ ನಿಯಮ ಬಾಯಿ ಬಿಡದ ಕ್ಷಣಗಳು ಬರುತ್ತವೆ. ಇಬ್ಬರು ಒಂದೇ ದೂರದಲ್ಲಿದ್ದಾರೆ, ಯಾರ ಮೇಲೆ ನುಗ್ಗಬೇಕು? ಕಳ್ಳರ ನಾಯಕ ಸತ್ತ, ಉಳಿದವರು ಓಡುತ್ತಾರಾ? ಮೋಸ ನುಸುಳುವುದು ಇಂಥ ಕಡೆಯೇ. ಇದಕ್ಕೆ ನಾನು ಬಿಡದೆ ಪಾಲಿಸುವ ಒಂದು ಕಟ್ಟುಪಾಡು ಇದೆ: ಮಾಮೂಲಿ ಆರು ಮುಖದ ದಾಳ ಹಾಕುವ ಮೊದಲು ಬರೆಯಬೇಕು. ‘1ರಿಂದ 3 ಬಂದರೆ ಓಡುತ್ತಾರೆ. 4, 5 ಬಂದರೆ ಗೋಡೆಯ ಹಿಂದೆ ಅಡಗುತ್ತಾರೆ. 6 ಬಂದರೆ ಸಿಟ್ಟಿನಿಂದ ಮೇಲೆ ಬೀಳುತ್ತಾರೆ.’ ಪೆನ್ನಿನಲ್ಲಿ ಬರೆದು, ಆಮೇಲೆ ದಾಳ. ಮನಸ್ಸಿನಲ್ಲೇ ಅಂದುಕೊಂಡು ಹಾಕಿದರೆ ದಾಳ ನಿಲ್ಲುವಷ್ಟರಲ್ಲಿ ಮನಸ್ಸು ಬದಲಾಗಿರುತ್ತದೆ. ಶತ್ರುವಿಗೆ ಸಹಜವಾದ ನಡೆಗೆ ಜಾಸ್ತಿ ಮುಖ ಕೊಡಿ, ಹುಚ್ಚು ಸಾಹಸಕ್ಕೆ ಒಂದು ಮುಖವನ್ನಾದರೂ ಬಿಡಿ. ಆ ಒಂದು ಮುಖ ಬಿದ್ದ ದಿನವೇ ಹೇಳಿಕೊಳ್ಳುವಂಥ ಕಥೆ ಹುಟ್ಟುವುದು.

ಇದು ಇತ್ತೀಚಿನ ಹವ್ಯಾಸವೇನೂ ಅಲ್ಲ. ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲೇ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದು ಪುಸ್ತಕ ಮಾಡಿದ್ದರು. ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ ಒಬ್ಬರೇ ಆಡುವವರಿಗಾಗಿಯೇ ಒಂದಿಡೀ ಪುಸ್ತಕವನ್ನು 1973ರಲ್ಲಿ ತಂದರು. ಎದುರಾಳಿ ಸಿಗದ ಸಂಕಟ ಆಗಿನಿಂದಲೂ ಇದೆ. ನಮ್ಮಲ್ಲೂ ಒಬ್ಬರೇ ಆಡುವುದು ಹೊಸದಲ್ಲ. ತುಳುನಾಡಿನ ಚೆನ್ನೆಮಣೆಯಲ್ಲಿ ‘ಸೀತೆ ಆಟ’ ಅಂತ ಒಂದಿದೆ. ಅಶೋಕವನದಲ್ಲಿ ಸೀತೆ ಒಬ್ಬಳೇ ಕೂತು ಆಡಿದ್ದು ಅದನ್ನೇ ಅನ್ನುತ್ತಾರೆ. ಜೊತೆ ಇಲ್ಲದಾಗ ಕಾಯಿಗಳ ಮುಂದೆ ಕೂರುವುದರಲ್ಲಿ ಒಂದು ಸಮಾಧಾನ ಇದೆ, ಅದನ್ನು ನಾನು ನಂಬುತ್ತೇನೆ.

ಈಗ ನನ್ನ ಮಾಚನ ವಿಷಯ ಹೇಳಬೇಕು. ಮಾಚ ನನ್ನ ತಂಡದ ಬಿಲ್ಲುಗಾರ. ಮೂರು ಪ್ರಸಂಗ ಜೊತೆಗಿದ್ದ. ಅವನ ಅಂಗಿಗೆ ಹಸಿರು ಬಣ್ಣ ಬಳಿಯಲು ನನಗೆ ಎರಡು ಸಂಜೆ ಹಿಡಿದಿತ್ತು. ನಾಲ್ಕನೇ ಪ್ರಸಂಗದಲ್ಲಿ ಒಂದು ನೋಲ್, ಅಂದರೆ ಕತ್ತೆಕಿರುಬದ ಮುಖದ ಜೀವಿ, ಮರಗಳ ಸಂದಿನಿಂದ ಬಂತು. ಕವಚ ತೊಟ್ಟ ಕತ್ತಿಯವನ ಮೇಲೆ ಅದು ಬೀಳಲಿ ಅಂತ ನನ್ನ ಆಸೆ. ಟೇಪ್ ಹಿಡಿದು ಅಳೆದೆ. ಮಾಚ ಅರ್ಧ ಇಂಚು ಹತ್ತಿರ ಇದ್ದ. ಸುತ್ತಲೂ ಯಾರೂ ಇಲ್ಲ, ನೋಡುವವರಿಲ್ಲ, ಕೇಳುವವರಿಲ್ಲ. ಟೇಪನ್ನು ಚೂರು ಸರಿಸಿದ್ದರೆ ಮುಗಿದಿತ್ತು. ಸರಿಸಲಿಲ್ಲ. ಮಾಚ ಬಿದ್ದ.

ಆಟದಲ್ಲಿ ಬಿದ್ದರೆ ಸತ್ತ ಅಂತ ಅಲ್ಲ. ಪ್ರಸಂಗ ಮುಗಿದ ಮೇಲೆ ಬಿದ್ದ ಪ್ರತಿಯೊಬ್ಬರಿಗೂ 20 ಮುಖದ ದಾಳ ಹಾಕಬೇಕು. ಅಂಕ ಚೆನ್ನಾಗಿದ್ದರೆ ಸುಧಾರಿಸಿಕೊಳ್ಳುತ್ತಾರೆ, ಕೆಳಗಿದ್ದರೆ ಗಾಯದ ಗುರುತು ಉಳಿಯುತ್ತದೆ, ತೀರಾ ಕೆಳಗಿದ್ದರೆ ಸಾವು. ಮಾಚನಿಗೆ 1 ಬಿತ್ತು. ಅವತ್ತು ರಾತ್ರಿ ತುಂಬ ಹೊತ್ತು ಆ ಗೊಂಬೆಯನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಟೇಪ್ ಸರಿಸಿದ್ದರೆ ಅವನು ಉಳಿಯುತ್ತಿದ್ದ, ಆದರೆ ಅವನ ಹಿಂದಿನ ಮೂರು ಪ್ರಸಂಗಗಳಿಗೆ ಬೆಲೆ ಇರುತ್ತಿರಲಿಲ್ಲ.

ಕ್ಯಾಂಪೇನ್ ಆಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಒಂದೇ ಆಟವಾದರೆ ಸೋಲು ಗೆಲುವು ಎರಡೂ ಅಲ್ಲಿಗೇ ಮುಗಿಯುತ್ತವೆ. ಕ್ಯಾಂಪೇನಿನಲ್ಲಿ ಗಾಯ ಮುಂದಿನ ವಾರಕ್ಕೂ ಬರುತ್ತದೆ, ಕಲಿತ ವಿದ್ಯೆಯೂ ಬರುತ್ತದೆ. ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಯಾರು ಯಾರನ್ನು ಕಾಪಾಡಿದರು, ಯಾವ ಬಾಗಿಲು ತೆರೆಯದೆ ಬಂದಿರಿ, ಯಾರು ತಪ್ಪಿಸಿಕೊಂಡು ಓಡಿದರು, ಪ್ರಸಂಗಕ್ಕೆ ಐದಾರು ಸಾಲು ಸಾಕು. ಓಡಿಹೋದವನು ಎರಡು ಪ್ರಸಂಗದ ನಂತರ ತಿರುಗಿ ಬಂದಾಗ ಆ ಸಾಲುಗಳ ಬೆಲೆ ತಿಳಿಯುತ್ತದೆ. ಎದುರಾಳಿ ಇಲ್ಲದ ಕೊರತೆಯನ್ನು ನನ್ನ ಮಟ್ಟಿಗೆ ತುಂಬಿದ್ದು ಈ ನೋಟ್‌ಬುಕ್.

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೆಚ್ಚಾಗಿ ಬಳಸುವುದು 28 ಮಿ.ಮೀ. ಅಳತೆಯ ಗೊಂಬೆಗಳು. ಹೊರಗಿಂದ ತರಿಸಿದರೆ ದುಬಾರಿ. ಶುರುವಿಗೆ ಚೆಸ್ ಕಾಯಿಗಳಾಗಲಿ, ರಟ್ಟಿನ ಮೇಲೆ ಚಿತ್ರ ಬರೆದು ಬಾಟಲಿ ಮುಚ್ಚಳಕ್ಕೆ ಅಂಟಿಸಿದ್ದಾಗಲಿ ಸಾಕು. ಮೇಜು ದೊಡ್ಡದೇ ಬೇಕೆಂದಿಲ್ಲ, ಮೂರಡಿ ಚೌಕದಲ್ಲಿ ಹೆಚ್ಚಿನ ಪ್ರಸಂಗ ಆಗುತ್ತವೆ. ಹಸಿರು ಬಟ್ಟೆಯ ಕೆಳಗೆ ಪುಸ್ತಕ ಇಟ್ಟರೆ ಗುಡ್ಡ, ಥರ್ಮೋಕೋಲಿನಲ್ಲಿ ಪಾಳು ಗೋಡೆ. ಮನೆಯಲ್ಲಿ ದಸರಾ ಗೊಂಬೆ ಕೂರಿಸುವ ಅಭ್ಯಾಸ ಇದ್ದರೆ ನಿಮಗೆ ಅರ್ಧ ಕೆಲಸ ಬಂದೇ ಬರುತ್ತದೆ. ಮಣ್ಣಲ್ಲಿ ರಾಗಿ ಮೊಳಕೆ ಬರಿಸಿ ಹೊಲ ಮಾಡಿ, ಪಕ್ಕದಲ್ಲಿ ಪುಟ್ಟ ಮನೆ ಇಡುವ ಕೈ ಇಲ್ಲೂ ಅದೇ ಕೆಲಸ ಮಾಡುತ್ತದೆ.

20 ಮುಖದ ದಾಳ ಸಿಗದಿದ್ದರೆ ಇಸ್ಪೀಟು ಪ್ಯಾಕ್ ತೆಗೆಯಿರಿ. ಆಟೀನಿನ ಎಕ್ಕದಿಂದ ಹತ್ತರವರೆಗೆ 1ರಿಂದ 10, ಇಸ್ಪೀಟಿನ ಎಕ್ಕದಿಂದ ಹತ್ತರವರೆಗೆ 11ರಿಂದ 20. ಒಂದು ಎಲೆ ಎತ್ತಿ, ನೋಡಿ, ವಾಪಸ್ ಹಾಕಿ ಕಲಸಿ. ಕಲಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬಂದ ಅಂಕ ಮತ್ತೆ ಬರುವುದಿಲ್ಲ, ಲೆಕ್ಕ ಕೆಡುತ್ತದೆ. ಘಟನೆಯ ಎಲೆಗಳಿಗೆ ಬೇರೆ ಪ್ಯಾಕ್ ಇಟ್ಟುಕೊಳ್ಳಿ.

ಮೊದಲ ಸಲಕ್ಕೆ ಒಬ್ಬ ನಾಯಕ, ಇಬ್ಬರು ಅಥವಾ ಮೂವರು ಸಂಗಡಿಗರು ಇರಲಿ. ಎಲ್ಲರಿಗೂ ಹೆಸರಿಡಿ. ಒಂದೆರಡು ಗಂಟೆ ಬಿಡುವು ಮಾಡಿಕೊಂಡು ಕೂತು, ಪಾಳು ಹಳ್ಳಿಯ ಪ್ರಸಂಗ ಆಡಿ ನೋಡಿ. ನಾನು ಈ ಶನಿವಾರ ಐದನೆಯದಕ್ಕೆ ಕೂರುತ್ತೇನೆ. ತಂಡಕ್ಕೆ ಹೊಸ ಬಿಲ್ಲುಗಾರ್ತಿ ಬಂದಿದ್ದಾಳೆ, ಇನ್ನೂ ಬಣ್ಣ ಆಗಿಲ್ಲ. ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ‘ಮಾಚನ ತಂಗಿ’ ಅಂತ ಬರೆದಿದ್ದೇನೆ.