ಅರಳಿ ಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆಯೇ?

ಪ್ರಶ್ನೆ: ಅರಳಿ ಮರ ಇಪ್ಪತ್ನಾಲ್ಕು ಗಂಟೆಯೂ ಆಮ್ಲಜನಕ ಬಿಡುತ್ತದೆ, ಅದಕ್ಕೇ ಹಿರಿಯರು ಅದಕ್ಕೆ ಕಟ್ಟೆ ಕಟ್ಟಿಸಿ ಪ್ರದಕ್ಷಿಣೆ ಹಾಕುತ್ತಿದ್ದರು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ಇದು ನಿಜವೇ?

ಉತ್ತರ: ಇಲ್ಲ. ಕತ್ತಲಲ್ಲಿ ಯಾವ ಗಿಡಮರವೂ ಆಮ್ಲಜನಕ ಬಿಡುವುದಿಲ್ಲ. ಅರಳಿಗೂ ಇದರಲ್ಲಿ ರಿಯಾಯಿತಿ ಇಲ್ಲ.

‘ಇಂಗಾಲದ ಡೈಆಕ್ಸೈಡ್ ಒಳಗೆ, ಆಮ್ಲಜನಕ ಹೊರಗೆ’ ಎಂದು ಶಾಲೆಯಲ್ಲಿ ಉರು ಹೊಡೆದವರು ನಾವು. ಹಾಗಾಗಿ ಎಲೆ ಮೊದಲನೆಯದನ್ನೇ ಒಡೆದು ಎರಡನೆಯದನ್ನು ಕೊಡುತ್ತದೆ ಎಂಬ ಭಾವನೆ ಬಹಳ ಜನಕ್ಕಿದೆ. 1941ರಲ್ಲಿ ಅಮೆರಿಕದ ಸ್ಯಾಮ್ ರೂಬೆನ್, ಮಾರ್ಟಿನ್ ಕೇಮನ್ ಮತ್ತು ಜೊತೆಗಾರರು, ತುಸು ಭಾರದ ಆಮ್ಲಜನಕ ಸೇರಿದ ನೀರನ್ನು ಹಸಿರು ಪಾಚಿಗೆ ಕೊಟ್ಟು ನೋಡಿದರು. ಆ ಭಾರದ ಆಮ್ಲಜನಕವೇ ಗುಳ್ಳೆಯಾಗಿ ಹೊರಬಂತು. ಅಂದರೆ ನಾವು ಉಸಿರಾಡುವ ಆಮ್ಲಜನಕ ಗಿಡ ಕುಡಿದ ನೀರಿನದು.

ನೀರು ಸುಲಭಕ್ಕೆ ಒಡೆಯುವ ಆಸಾಮಿಯಲ್ಲ. ಅದನ್ನು ಸೀಳಲು ಶಕ್ತಿ ಬೇಕು. ಎಲೆಯ ಪತ್ರಹರಿತ್ತು ಆ ಶಕ್ತಿಯನ್ನು ಬಿಸಿಲಿನಿಂದ ಹಿಡಿಯುತ್ತದೆ. ಒಡೆದ ನೀರಿನಿಂದ ಸಿಕ್ಕ ಹೈಡ್ರೋಜನ್ ಅನ್ನು ಗಾಳಿಯ ಇಂಗಾಲದ ಡೈಆಕ್ಸೈಡ್‌ಗೆ ಕೂಡಿಸಿ ಗಿಡ ಸಕ್ಕರೆ ಮಾಡಿಕೊಳ್ಳುತ್ತದೆ. ಆಮ್ಲಜನಕವೋ, ಹಾಲು ಹಿಂಡಿದ ಮೇಲೆ ಗಾಣದ ಪಕ್ಕ ಬೀಳುವ ಕಬ್ಬಿನ ಸಿಪ್ಪೆಯ ಹಾಗೆ. ಗಾಣ ನಿಂತ ಮೇಲೆ ಸಿಪ್ಪೆ ಎಲ್ಲಿಂದ ಬೀಳಬೇಕು?

ಸೂರ್ಯ ಮುಳುಗಿದ ಮೇಲೆ ಗಿಡವೂ ನಮ್ಮ ಹಾಗೆಯೇ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. (ಹಗಲಲ್ಲೂ ಉಸಿರಾಡುತ್ತದೆ, ಆಗ ಉತ್ಪಾದನೆಯೇ ಹೆಚ್ಚಿರುವುದರಿಂದ ಗೊತ್ತಾಗುವುದಿಲ್ಲ.) ಇದನ್ನು 1779ರಲ್ಲೇ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ ಪ್ರಯೋಗ ಮಾಡಿ ತೋರಿಸಿದ್ದ.

ಹಾಗಾದರೆ ಅರಳಿಯ ಕಥೆಗೆ ಎಲ್ಲಿಂದ ಜೀವ ಬಂತು? ಅದರ ಹಿಂದೆ ಒಂದು ಚೂರು ನಿಜ ಅಡಗಿದೆ. ಅದನ್ನು ನೋಡಲು ಕಾಡುಬಸಳೆ ಸಾಕು: ಪುಸ್ತಕದ ನಡುವೆ ಇಟ್ಟರೂ ಎಲೆಯಂಚಿನಲ್ಲಿ ಮರಿ ಹುಟ್ಟುವ, ಮೂತ್ರದ ಕಲ್ಲಿಗೆಂದು ಹಳ್ಳಿಯಲ್ಲಿ ತಿನ್ನಿಸುವ ಆ ದಪ್ಪ ಎಲೆಯ ಗಿಡ. ಬೆಳಗ್ಗೆ ಬಿಸಿಲು ಬೀಳುವ ಮೊದಲು ಒಂದು ಚೂರು ಅಗಿದರೆ ನಾಲಗೆ ಚುರುಗುಟ್ಟುವಷ್ಟು ಹುಳಿ. ಅದೇ ಗಿಡದ ಎಲೆ ಮಧ್ಯಾಹ್ನ ಸಪ್ಪೆ. ಈ ರುಚಿಯ ಬದಲಾವಣೆಯನ್ನು 1810ರ ದಶಕದಲ್ಲಿ ಪತ್ರವೊಂದರಲ್ಲಿ ಬರೆದಿಟ್ಟವನು ಬೆಂಜಮಿನ್ ಹೇನ್. ನಮ್ಮ ಲಾಲ್‌ಬಾಗ್‌ನ ಉಸ್ತುವಾರಿಯನ್ನು ಕೆಲಕಾಲ ನೋಡಿಕೊಂಡಿದ್ದ ಸಸ್ಯವಿಜ್ಞಾನಿ ಆತ. ಎಲೆ ಕಿತ್ತು ಬಾಯಿಗೆ ಹಾಕಿಕೊಂಡೇ ವಿಜ್ಞಾನ ಮಾಡಿದ ಅವನ ಮೇಲೆ ನನಗೆ ವಿಶೇಷ ಪ್ರೀತಿ.

ಕಾರಣ ಇಷ್ಟು. ಒಣ ಜಾಗದ ಗಿಡಗಳು ಹಗಲು ಎಲೆಯ ರಂಧ್ರ ತೆರೆದರೆ ನೀರೆಲ್ಲ ಆವಿಯಾಗಿ ಹೋಗುತ್ತದೆ. ಅದಕ್ಕೇ ಕಾಡುಬಸಳೆ, ಕಳ್ಳಿ, ಲೋಳೆಸರ, ಅನಾನಸ್, ಈಗ ಎಲ್ಲರ ಮನೆಯಲ್ಲೂ ಕಾಣುವ ಸ್ನೇಕ್ ಪ್ಲಾಂಟ್ ಇವೆಲ್ಲ ರಾತ್ರಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತವೆ, ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಬೆಳಗಿನ ಹುಳಿ ಅದರದ್ದೇ. ಬಿಸಿಲು ಬಂದ ಮೇಲೆ ಬಾಗಿಲು ಮುಚ್ಚಿಕೊಂಡು ಒಳಗೇ ಅಡುಗೆ ಶುರು. ಗಮನಿಸಿ, ರಾತ್ರಿ ನಡೆಯುವುದು ದಿನಸಿ ತಂದಿಡುವ ಕೆಲಸ ಮಾತ್ರ. ನೀರು ಒಡೆಯುವುದು ಬೆಳಕಿನಲ್ಲೇ. ಅರಳಿಯೂ ಈ ಗುಂಪಿಗೇ ಸೇರಿದ್ದು ಎಂದು ವಾದಕ್ಕೆ ಒಪ್ಪಿಕೊಂಡರೂ ರಾತ್ರಿಯ ಆಮ್ಲಜನಕ ಸಿಗುವುದಿಲ್ಲ.

ಕೋಣೆಯಲ್ಲೊಂದು ಸ್ನೇಕ್ ಪ್ಲಾಂಟ್ ಇಟ್ಟು ಮರುದಿನವೇ ಗಾಳಿ ಶುದ್ಧವಾಯಿತು ಎನ್ನುವುದು ಅಶ್ವತ್ಥ ಸುತ್ತಿ ಹೊಟ್ಟೆ ಮುಟ್ಟಿ ನೋಡಿಕೊಂಡ ಹಾಗೆ. ಹುಣಸೆ ಮರದಡಿ ಮಲಗಿದರೆ ಉಸಿರುಗಟ್ಟುತ್ತದೆ ಎಂಬ ಹೆದರಿಕೆಯೂ ಅಷ್ಟೇ ಹುಸಿ. ಬಯಲಲ್ಲಿ ಗಾಳಿ ಒಂದೆಡೆ ನಿಲ್ಲುವುದಿಲ್ಲ. ಕೋಣೆಯ ಲೆಕ್ಕಕ್ಕೆ ಬಂದರೆ, ಕುಂಡದ ಗಿಡ ಬಿಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಇಂಗಾಲದ ಡೈಆಕ್ಸೈಡ್ ಅನ್ನು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವವರು ಬಿಡುತ್ತಿರುತ್ತಾರೆ!

ಗಾಳಿಯಲ್ಲಿರುವ ಶೇ. 21ರಷ್ಟು ಆಮ್ಲಜನಕವೂ ನಿನ್ನೆ ಮೊನ್ನೆಯ ಮರಗಳು ಕೊಟ್ಟಿದ್ದಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ, ಮರ ಎಂಬುದೇ ಇಲ್ಲದ ಕಾಲದಲ್ಲಿ, ನೀರಿನ ಸೂಕ್ಷ್ಮಜೀವಿಗಳಿಂದ ವಾತಾವರಣದಲ್ಲಿ ಸೇರತೊಡಗಿದ ಗಂಟು ಅದು. ಬಲಿತ ಕಾಡು ತಾನು ಬಿಟ್ಟ ಆಮ್ಲಜನಕವನ್ನು ಹೆಚ್ಚುಕಡಿಮೆ ತಾನೇ ಬಳಸಿಬಿಡುತ್ತದೆ: ಉಸಿರಾಟಕ್ಕೊಂದಿಷ್ಟು, ಉದುರಿದ ಎಲೆ ಕೊಳೆಯಲು ಒಂದಿಷ್ಟು.

ಇಷ್ಟಕ್ಕೆ ಅರಳಿಯ ಮೇಲೆ ಮುನಿಸು ಬೇಡ. ಸಿಪ್ಪೆ ಲೆಕ್ಕ ಹಾಕುತ್ತಾ ನಾವು ಬೆಲ್ಲ ಮರೆತಿದ್ದೇವೆ, ಅಷ್ಟೇ. ಮರ ಹಣ್ಣು ಬಿಟ್ಟ ಕಾಲದಲ್ಲಿ ಕತ್ತಲಾದ ಮೇಲೆ ಕಟ್ಟೆಯ ಬಳಿ ನಿಂತು ನೋಡಿ. ಬಾವಲಿಗಳ ರೆಕ್ಕೆಯ ಪಟಪಟ, ಕಿತ್ತಾಟ, ತಲೆಯ ಮೇಲೆ ಉದುರುವ ಅರೆಗಚ್ಚಿದ ಹಣ್ಣು. ಹಗಲು ಎಲೆ ಹಿಡಿದ ಬಿಸಿಲು ಆ ಹಣ್ಣಿನ ಸಕ್ಕರೆಯಲ್ಲಿದೆ. ಬಾವಲಿ ಅದನ್ನು ಗಾಳಿಯ ಆಮ್ಲಜನಕದಲ್ಲಿ ಉರಿಸಿಕೊಂಡು ಮುಂದಿನ ಬೀದಿಗೆ ಹಾರುತ್ತದೆ. ಅಲ್ಲಿ ಅದು ಹಾಕಿದ ಹಿಕ್ಕೆಯಲ್ಲಿನ ಬೀಜವೇ ಮಳೆಗಾಲದ ಹೊತ್ತಿಗೆ ಯಾರದೋ ಹಳೇ ಮನೆಯ ಗೋಡೆ ಬಿರುಕಿನಲ್ಲಿ ಎರಡೆಲೆ ಬಿಟ್ಟುಕೊಂಡು ನಿಂತಿರುತ್ತದೆ.